ತಳ ಮುಚ್ಚುವಷ್ಟು

ಈ ಜೂನಿನಲ್ಲಿ ತಾರ್ನಾಕದ ಒಂದು ಮನೆಯಲ್ಲಿ ಬಸುರಿಯ ಕುಬಸದ ಊಟಕ್ಕೆ ರೊಟ್ಟಿ ಕೊಟ್ಟು ವಾಪಸು ಬರುವಾಗ ಮಳೆ ಹಿಡಿಯಿತು. ಬುಟ್ಟಿ ತಲೆಯ ಮೇಲೆ ಹೊತ್ತು ಓಡಿ ಒಂದು ಶಾಲೆಯ ವರಾಂಡ ಹತ್ತಿದೆ. ಪಕ್ಕದ ಕೋಣೆಯ ಬಾಗಿಲು ತೆರೆದೇ ಇತ್ತು. ಅಲ್ಲಿಂದ ಸುಣ್ಣದ ಕಡ್ಡಿಯ ಪುಡಿ, ಒದ್ದೆ ಬಟ್ಟೆ, ಹಳೆ ಮರದ ಬೆಂಚು, ಎಲ್ಲ ಕೂಡಿದ ಒಂದು ವಾಸನೆ ಬಂತು. ಯಾವ ಶಾಲೆ ಅಂತ ಬೋರ್ಡು ನೋಡುವ ಮೊದಲೇ ಮೂಗಿಗೆ ಗೊತ್ತಾಯಿತು. ನನ್ನ ತಮ್ಮ ಭೀಮಶಾ ಒಂದು ಮಳೆಗಾಲ ಪೂರ್ತಿ ಕುಡಿಯದೆ ಉಳಿದದ್ದು ಈ ಕೋಣೆಯಲ್ಲಿ ಕೂತು. ಅವನನ್ನು ಇಲ್ಲಿಗೆ ಕರೆತಂದವಳು ನಾನು. ಇಲ್ಲಿಂದ ಅವನನ್ನು ಕಿತ್ತು ಮತ್ತೆ ಕುಡಿತಕ್ಕೆ ಹಚ್ಚಿದವಳೂ ನಾನೇ. ಎರಡನೆಯದನ್ನು ಬಹಳ ದಿನ ಯಾರಿಗೂ ಹೇಳಲಿಲ್ಲ.

ನಾವು ಚಿಂಚೋಳಿ ಕಡೆಯವರು. ಅಪ್ಪನಿಗೆ ಹೈದರಾಬಾದಿನ ಕೇಂದ್ರ ಸರ್ಕಾರದ ಕಾರ್ಖಾನೆಯೊಂದರಲ್ಲಿ ಕೆಲಸ ಸಿಕ್ಕಿ ಇಲ್ಲಿಗೆ ಬಂದೆವು. ಬಂದ ಮೇಲೆ ಅವ್ವ ಬಹಳ ದಿನ ಬದುಕಲಿಲ್ಲ. ನಾನು ಮೂರನೇತ್ತಾ ಮುಗಿಸಿ ಶಾಲೆ ಬಿಟ್ಟು ಒಲೆ ಮುಂದೆ ಕೂತೆ. ಭೀಮಶಾ ಆಗ ಇನ್ನೂ ತೆವಳುತ್ತಿದ್ದ. ಅವನಿಗೆ ಬಾನ ಉಣಿಸಿದ್ದು, ಚಡ್ಡಿ ಹಾಕಿದ್ದು, ಶಾಲೆಗೆ ಕೈ ಹಿಡಿದು ಬಿಟ್ಟದ್ದು ನಾನೇ. ಅಪ್ಪ ಒಳ್ಳೆಯ ಮನುಷ್ಯ, ಆದರೆ ಕುಡಿಯುತ್ತಿದ್ದ. ಕಣ್ಣು ಹಳದಿಯಾಗಿ, ಹೊಟ್ಟೆ ಬಾತು, ಡ್ಯೂಟಿ ಇರುವಾಗಲೇ ತೀರಿಕೊಂಡ. ಅವನ ನೌಕರಿ ಭೀಮಶಾನಿಗೆ ಬಂತು. ಕ್ರೇನ್ ನಡೆಸುವ ಕೆಲಸ. ಶೆಡ್ಡಿನ ಮೇಲೆ ಕಬ್ಬಿಣದ ಏಣಿ ಹತ್ತಿ ಕೂತು, ಕೆಳಗಿನವರ ಕೈಸನ್ನೆ ನೋಡಿ ಟನ್ನುಗಟ್ಟಲೆ ಭಾರ ಎತ್ತಿ ಇಳಿಸಬೇಕು. ನೌಕರಿಯ ಹಿಂದೆಯೇ ಅಪ್ಪನ ಚಟವೂ ಬಂತು.

ನನ್ನ ಮನೆಯವರು ಕೂಕಟ್‌ಪಲ್ಲಿಯ ಒಂದು ಅಪಾರ್ಟ್‌ಮೆಂಟಿನಲ್ಲಿ ವಾಚ್‌ಮನ್. ನಾನು ಸಂಜೆ ರಸ್ತೆ ಬದಿ ಒಲೆ ಹೂಡಿ ಜೋಳದ ರೊಟ್ಟಿ ಬಡಿದು ಮಾರುತ್ತೇನೆ. ತಮ್ಮ ಕುಡಿದು ಮಲಗಿದ ದಿನ ಕಾರ್ಖಾನೆಗೆ ಫೋನು ಹಚ್ಚುವುದು ಸಹ ನನ್ನ ಕೆಲಸವಾಗಿತ್ತು. ಜ್ವರ ಬಂದಿದೆ ಅನ್ನುತ್ತಿದ್ದೆ. ಅವನ ಸೂಪರ್‌ವೈಸರು ನಮ್ಮ ಕಡೆಯವರೇ. ಒಮ್ಮೆ ಕೇಳಿಯೇ ಬಿಟ್ಟರು: “ಅಲ್ರಿ ಶಾಂತಮ್ಮ, ನಿಮ್ಮ ತಮ್ಮಗ ಪಗಾರ ಆದ ಮರುದಿನಾನ ಮಲೇರಿಯಾ ಬರತೈತಲ್ಲ, ಆ ಸೊಳ್ಳೀಗಿ ನಮ್ಮ ಪಗಾರದ ತಾರೀಖು ಯಾರು ಹೇಳ್ತಾರ?” ನಾನು ನಕ್ಕು ಫೋನಿಟ್ಟೆ. ನಗುವ ಮಾತಾಗಿರಲಿಲ್ಲ.

ಭೀಮಶಾನ ಹೆಂಡತಿ ಸುನಂದಾ ಆ ಮಳೆಗಾಲದ ಹಿಂದಿನ ಬೇಸಿಗೆಯಲ್ಲಿ ಮಗಳನ್ನು ಕರೆದುಕೊಂಡು ತವರಿಗೆ, ಸೇಡಂಗೆ, ಹೋದಳು. ಹೋಗುವ ದಿನ ನನ್ನ ಮನೆಗೆ ಬಂದು ಹೊಸ್ತಿಲ ಹೊರಗೇ ನಿಂತು, “ಅಕ್ಕಾರ, ನೀವು ಸುಳ್ಳ ಹೇಳೋದ ಬಿಡ್ರಿ. ಅವರು ಕುಡಿಯೋದ ತಾನಾ ಕಡಿಮಿ ಆಗತೈತಿ,” ಅಂದಳು. ಸಿಟ್ಟು ಬಂತು. ತಾಯಿ ಇಲ್ಲದ ಹುಡುಗನನ್ನು ಬೆಳೆಸಿದವಳಿಗೆ ನಿನ್ನೆ ಮೊನ್ನೆ ಬಂದವಳು ಬುದ್ಧಿ ಹೇಳುತ್ತಾಳಲ್ಲ ಅಂತ.

ಜೂನಿನ ಮಿರಗದ ಮಳೆ ಶುರುವಾದ ವಾರ ಒಂದು ಸಂಜೆ ಅವನು ತೂರಾಡುತ್ತ ನನ್ನ ಒಲೆಯ ಹತ್ತಿರ ಬಂದ. ಪಕ್ಕದಲ್ಲಿ ಕೂರಲು ಹೋಗಿ ಕಾದ ಹಂಚಿನ ಮೇಲೆ ಅಂಗೈ ಊರಿದ. ಊರಿದ್ದು ಅವನಿಗೆ ಗೊತ್ತೂ ಆಗಲಿಲ್ಲ. ನಾನು ಕಿರುಚುವುದರೊಳಗೆ ರೊಟ್ಟಿಗೆ ನಿಂತಿದ್ದ ಗಿರಾಕಿ ಒಬ್ಬರು ಅವನ ರಟ್ಟೆ ಹಿಡಿದೆಳೆದು ಕೈಯನ್ನು ನೀರಿನ ಬಕೀಟಿನಲ್ಲಿ ಅದ್ದಿದರು. ಅವರ ಹೆಸರು ಜಹಾಂಗೀರ್, ಸಿಟಿ ಬಸ್ಸಿನ ಡ್ರೈವರ್. ಹುಮನಾಬಾದಿನವರು, ಹಾಗಾಗಿ ನನ್ನ ಹತ್ತಿರ ಕನ್ನಡದಲ್ಲೇ ಮಾತಾಡುತ್ತಿದ್ದರು. ಮರುದಿನ ರೊಟ್ಟಿಗೆ ಬಂದಾಗ ಕೇಳಿದರು.

“ಅಕ್ಕಾ, ನಿನ್ನಿ ಕೈ ಸುಟ್ಟಕೊಂಡಾಂವ ನಿಮಗೇನಾಗಬೇಕ್ರಿ?”

“ಯಾರೋ ಓಣ್ಯಾಂವ್ರಿ ಭಾಯಿ. ಗುರುತಿಲ್ಲ.”

“ಗುರುತಿಲ್ಲದಾಂವ ‘ಅಕ್ಕಾ ಅಕ್ಕಾ’ ಅಂತ ನಿಮ್ಮ ಸೆರಗ ಹಿಡದು ಅಳಾಕತ್ತಿದ್ದ.” ರೊಟ್ಟಿ ಕಟ್ಟಿಸಿಕೊಳ್ಳುತ್ತ ಹೇಳಿದರು, “ನಾನೂ ಕುಡುಕ ಅದೀನ್ರಿ ಅಕ್ಕಾ.”

“ನೀವಾ? ಒಂದಿನಾನೂ ವಾಸನಿ ಬಂದಿಲ್ಲಲ್ರಿ.”

“ಕುಡಿಯೋದು ಬಿಟ್ಟೀನಿ. ಕುಡುಕ ಅನ್ನೋದು ಹೋಗಂಗಿಲ್ಲ. ಸಕ್ರಿ ಬ್ಯಾನಿ ಇದ್ದಂಗ. ಪೇಢೆ ಗುಡ್ಯಾಗ ಕೊಟ್ರೂ ಅಷ್ಟ, ಅಂಗಡ್ಯಾಗ ತಿಂದ್ರೂ ಅಷ್ಟ, ಸಕ್ರಿ ಏರತೈತಿ.”

ತಾರ್ನಾಕದ ಶಾಲೆಯಲ್ಲಿ ಆದಿತ್ಯವಾರ ಅಂಥವರೆಲ್ಲ ಕೂಡುತ್ತಾರೆ, ಫೀಜಿಲ್ಲ, ಡಾಕ್ಟರಿಲ್ಲ, ಪೂಜೆ ಮಂತ್ರ ಇಲ್ಲ, ಒಬ್ಬರಿಗೊಬ್ಬರು ತಮ್ಮದು ಹೇಳಿಕೊಳ್ಳುತ್ತಾರೆ ಅಷ್ಟೇ, ಅಂದರು. ಹೇಳಿಕೊಂಡರೆ ಕುಡಿತ ಹೋಗುತ್ತದೆಯೇ ಅಂತ ನನಗೆ ನಗು ಬಂತು. ಆದರೆ ಅಷ್ಟೊತ್ತಿಗೆ ಕಾರ್ಖಾನೆಯವರು ಭೀಮಶಾನನ್ನು ಕ್ರೇನಿನಿಂದ ಇಳಿಸಿ ಕೆಳಗೆ ಕಸ ಬಳಿಯಲು ಹಚ್ಚಿದ್ದರು. ಇನ್ನೊಂದು ಸಲ ಕುಡಿದು ಬಂದರೆ ಗೇಟೊಳಗೂ ಬಿಡುವುದಿಲ್ಲ ಅಂದಿದ್ದರು. ಅದು ಅವನ ಮನಸ್ಸಿಗೆ ಬಹಳ ಹತ್ತಿತ್ತು. ತಾರ್ನಾಕಕ್ಕೆ ನಡಿ ಅಂದೆ. “ಒಂದ ವಾರ ಬರ್ತೀನಿ. ನಿನ್ನ ಬಾಯಿ ಮುಚ್ಚಸಾಕ,” ಅಂದ.

ಮೊದಲ ಆದಿತ್ಯವಾರ ಮನೆಯವರೂ ಕೂರಬಹುದಿತ್ತು. ಅದು ಸಣ್ಣ ಮಕ್ಕಳ ಕ್ಲಾಸು. ದೊಡ್ಡ ದೊಡ್ಡ ಹೊಟ್ಟೆಯ ಗಂಡಸರು ಮೊಣಕಾಲು ಎದೆಗೆ ತಾಗಿಸಿಕೊಂಡು ಗೇಣೆತ್ತರದ ಬೆಂಚುಗಳ ಮೇಲೆ ಕೂತಿದ್ದರು. ಬೋರ್ಡಿನ ಮೇಲೆ ಬಾಳೆಹಣ್ಣಿನ ಚಿತ್ರ ಅಳಿಸದೆ ಉಳಿದಿತ್ತು. ಭೀಮಶಾ ನನ್ನ ಕಿವಿಯಲ್ಲಿ, “ಅಕ್ಕಾ, ನಿನ್ನ ನಾಕನೇತ್ತಾ ಬಾಕಿ ಐತಲ್ಲ, ಇಲ್ಲೇ ಮುಗಿಸಿಬಿಡು,” ಅಂದ. ಮೂಲೆಯಲ್ಲಿ ಕೊಡೆಗಳ ರಾಶಿಯಿಂದ ನೀರು ಹರಿದು ಎಲ್ಲರ ಕಾಲ ಕೆಳಗೆ ಬರುತ್ತಿತ್ತು. ಒಬ್ಬೊಬ್ಬರೇ ಎದ್ದು ಹೆಸರು ಹೇಳಿ, ನಾನು ಕುಡುಕ ಅಂದು, ತಮ್ಮ ಕಥೆ ಹೇಳಿದರು. ತೆಲುಗಿನಲ್ಲಿ, ಹಿಂದಿಯಲ್ಲಿ, ನಮ್ಮ ಹೈದರಾಬಾದಿ ಮಾತಿನಲ್ಲಿ. ಕಾಲೇಜಿನಲ್ಲಿ ಪಾಠ ಹೇಳುವವರೊಬ್ಬರು ಮಗಳ ಮದುವೆಯ ಮಂಟಪದಲ್ಲಿ ಬಿದ್ದದ್ದನ್ನು ಹೇಳಿದರು. ಯಾರೂ ಅಯ್ಯೋ ಅನ್ನಲಿಲ್ಲ, ಛೀ ಅನ್ನಲಿಲ್ಲ. ಭೀಮಶಾನ ಪಾಳಿ ಬಂದಾಗ ಅವನು ಕನ್ನಡದಲ್ಲಿ, “ನಾ ಸುಮ್ನ ಅಕ್ಕನ ಜೋಡಿ ಬಂದೀನ್ರಿ. ನಂದೇನಿಲ್ಲ,” ಅಂದ. ಜಹಾಂಗೀರ್ ಭಾಯಿ ಅದನ್ನು ತೆಲುಗಿನಲ್ಲಿ ಹೇಳಿದರು. ಇಡೀ ಕೋಣೆ ನಕ್ಕಿತು. “ಸಿಟ್ಟಾಗಬ್ಯಾಡಪ್ಪ,” ಅಂದರು ಭಾಯಿ, “ಮೊದಲನೇ ಸಲ ಇಲ್ಲಿ ಎಲ್ಲಾರೂ ಯಾರದೋ ಜೋಡೀನ ಬಂದಿರ್ತಾರ.” ಭೀಮಶಾನೂ ನಕ್ಕ. ಅವನು ಕುಡಿಯದೆ ನಕ್ಕದ್ದನ್ನು ನಾನು ನೋಡಿ ಎಷ್ಟೋ ಕಾಲವಾಗಿತ್ತು.

ಮುಂದಿನ ವಾರ ಅವನೇ ಕೊಡೆ ಹಿಡಿದು ನಿಂತ.

ಮೊದಲ ದಿನಗಳಲ್ಲಿ ಅವನ ಕೈ ಎಷ್ಟು ನಡುಗುತ್ತಿತ್ತೆಂದರೆ ಚಹಾ ಲೋಟಕ್ಕೆ ಎರಡೂ ಕೈ ಹಚ್ಚಬೇಕಿತ್ತು. ಭಾಯಿ ಅವನನ್ನು ದವಾಖಾನೆಗೆ ಕರೆದೊಯ್ದು ಔಷಧಿ ಕೊಡಿಸಿದರು. ಕುಡಿಯಬೇಕು ಅನ್ನಿಸಿದಾಗ ಬೆಲ್ಲ ಕಡಿಯುತ್ತಿದ್ದ. ಆಷಾಢದ ಬೋನಾಲು ಹಬ್ಬ ಬಂತು. ಓಣಿ ಓಣಿಯಲ್ಲಿ ಡೋಲು, ತಲೆಯ ಮೇಲೆ ದೇವಿಗೆ ಒಯ್ಯುವ ಬೋನದ ಗಡಿಗೆ, ಬೇವಿನ ಸೊಪ್ಪು, ಎಲ್ಲ ಕಡೆ ಶೇಂದಿಯ ಹುಳಿ ವಾಸನೆ. ಆ ದಿನ ಅವನು ಡ್ಯೂಟಿ ಬಿಟ್ಟವನೇ ಸೀದಾ ನನ್ನ ಒಲೆಗೆ ಬಂದು, “ನನಗೇನರ ಕೆಲಸ ಕೊಡು, ಕೈ ಖಾಲಿ ಇರಬಾರದು,” ಅಂದ. ಹಿಟ್ಟು ಕೊಟ್ಟೆ. ಅವನು ಬಡಿದ ರೊಟ್ಟಿ ನೋಡಿ ಒಬ್ಬ ಗಿರಾಕಿ, “ಇದು ಯಾವ ದೇಶದ ನಕ್ಷಾ ಅಣ್ಣಾ? ಸಮುದ್ರ ಯಾವ ಕಡೆ?” ಅಂದ. “ತಿಂದ ನೋಡು, ಉಪ್ಪ ಹತ್ತಿದ ಕಡೆ ಸಮುದ್ರ,” ಅಂದ ಭೀಮಶಾ. ಡೋಲಿನ ಸದ್ದು ನಿಲ್ಲುವವರೆಗೂ ಬಡಿದ.

ಗಂಡಸರು ಕೂಡುವ ಕೋಣೆಯ ಪಕ್ಕದ ಕೋಣೆಯಲ್ಲಿ ಮನೆಯವರು ಕೂಡುತ್ತಿದ್ದರು. ಹೆಂಡಂದಿರು, ತಾಯಂದಿರು. ಅಲ್ಲಿನ ಸರೋಜಮ್ಮ ಅನ್ನುವ ಹಿರಿಯಾಕೆ ನನ್ನನ್ನು ಪ್ರತಿ ವಾರ ಒಳಗೆ ಕರೆಯುತ್ತಿದ್ದರು. “ಕುಡಿಯೋದು ನನ್ನ ತಮ್ಮ, ನಾ ಅಲ್ಲ,” ಅಂದು ವರಾಂಡದಲ್ಲೇ ಕೂತಿರುತ್ತಿದ್ದೆ. ಒಳಗೆ ಹೋಗಿ ಏನು ಹೇಳಲಿ? ಮನೆಯ ಮಾತು ಹೊರಗೆ ಹಾಕಬಾರದು ಅಂತ ಬೆಳೆದವಳು ನಾನು. ಗಣಪತಿ ಹಬ್ಬ ಮುಗಿದ ಮೇಲೆ ಸುನಂದಾ ಮಗಳೊಂದಿಗೆ ವಾಪಸು ಬಂದಳು. ಅವನನ್ನು ಮತ್ತೆ ಕ್ರೇನ್ ಹತ್ತಿಸಿದ್ದರು. “ಇನ್ನೊಂದ ಸಲ ಕುಡದ್ರ ನಾ ಇರಂಗಿಲ್ಲ. ಜಗಳಾನೂ ಮಾಡಂಗಿಲ್ಲ, ಹೋಗ್ತೀನಿ,” ಅಂತ ನನ್ನ ಮುಂದೆಯೇ ಅವನಿಗೆ ಹೇಳಿದಳು. ಅವನು ತಲೆಯಾಡಿಸಿದ. ಸುನಂದಾ ಮೊದಲ ಆದಿತ್ಯವಾರವೇ ಆ ಕೋಣೆಯೊಳಗೆ ಹೋಗಿ ಕೂತಳು.

ಆಮೇಲೆ ಹಿರಿಯರ ಅಮಾಸಿ ಬಂತು. ಇಲ್ಲಿನವರು ಪೆತ್ರಮಾಸ ಅನ್ನುತ್ತಾರೆ. ನಮ್ಮ ಮಂದಿಯಲ್ಲಿ ಅವತ್ತು ಸತ್ತವರಿಗೆ ಏನು ಇಷ್ಟವಿತ್ತೋ ಅದನ್ನೆಲ್ಲ ಎಡೆ ಇಡಬೇಕು. ಅಪ್ಪನಿಗೆ ಖಾರದ ಮಟನ್, ಬಿಸಿ ರೊಟ್ಟಿ, ಶೇಂಗಾ ಹಿಂಡಿ, ಒಂದು ಕಟ್ಟು ಬೀಡಿ. ಒಂದು ಗ್ಲಾಸು ಸೆರೆ. ಯಾವುದು ಅವನನ್ನು ಕೊಂದಿತೋ ಅದನ್ನೇ ಪ್ರತಿ ವರ್ಷ ಬಗ್ಗಿಸಿ ಇಡುತ್ತಿದ್ದೆವು. ನಮಗೆ ಅದು ವಿಚಿತ್ರ ಅನ್ನಿಸಿರಲೇ ಇಲ್ಲ. ಎಡೆ ತೆಗೆದ ಮೇಲೆ ಆ ಗ್ಲಾಸನ್ನು ಮಗ ಮೊದಲು ಬಾಯಿಗೆ ಮುಟ್ಟಿಸಬೇಕು. ಅವನು ಮುಟ್ಟಿಸುವತನಕ ಯಾರೂ ಊಟಕ್ಕೆ ಕೂರುವಂತಿಲ್ಲ.

“ಈ ವರ್ಷ ಸೆರಿ ಬ್ಯಾಡ ಅಕ್ಕಾರ,” ಅಂತ ಸುನಂದಾ ವಾರ ಮೊದಲೇ ಹೇಳಿದ್ದಳು. ಹ್ಞೂಂ ಅಂದಿದ್ದೆ. ಹಾಗೆ ಅಂದವಳು ಆ ದಿನ ರೊಟ್ಟಿ ಹಿಟ್ಟಿನ ಚೀಲದಲ್ಲಿ ಒಂದು ಬಾಟಲಿ ಇಟ್ಟುಕೊಂಡು ತಮ್ಮನ ಕ್ವಾರ್ಟರ್ಸಿಗೆ ಹೋದೆ. ಯಾಕೆ ಅಂತ ಕೇಳಿದರೆ ಇವತ್ತಿಗೂ ಸರಿಯಾಗಿ ಹೇಳಲು ಬರುವುದಿಲ್ಲ. ಊರಿನಿಂದ ಕಾಕಾ, ಅಂದರೆ ಅಪ್ಪನ ತಮ್ಮ, ಬರುವವನಿದ್ದ. ಅವನ ಬಾಯಿಗೆ ಹೆದರಿದೆ. ಅಪ್ಪ ಹಸಿದು ಹೋಗುತ್ತಾನೆ ಅಂತ ಹೆದರಿದೆ. ಎಡೆಗೆ ಮಾತ್ರ ಇಡೋಣ, ಆಮೇಲೆ ಚೆಲ್ಲಿದರಾಯಿತು ಅಂದುಕೊಂಡೆ.

ಅವತ್ತೇ ಬತುಕಮ್ಮ ಶುರು, ಹೆಂಗಸರು ಹೂವಿನ ಗೋಪುರ ಕಟ್ಟಿ ಸುತ್ತ ಆಡುವ ಇಲ್ಲಿನ ಹಬ್ಬ. ಸುನಂದಾ ಮಗಳಿಗೆ ಹಳದಿ ತಂಗೇಡಿ ಹೂ ಜೋಡಿಸಿಕೊಟ್ಟು, ಕ್ವಾರ್ಟರ್ಸಿನ ಅಂಗಳಕ್ಕೆ ಆಡಲು ಕರೆದುಕೊಂಡು ಇಳಿದಳು. ಕೆಳಗೆ ಹೆಂಗಸರ ಚಪ್ಪಾಳೆ ಕೇಳುತ್ತಿತ್ತು. ಮೇಲೆ ಕಾಕಾ ಎಡೆ ನೋಡಿ, “ಗ್ಲಾಸ್ ಎಲ್ಲೈತಿ ಶಾಂತಾ? ನಮ್ಮಣ್ಣ ಒಣ ಬಾಯೀಲೆ ಹೋಗಬೇಕೇನು?” ಅಂದ. ಚೀಲದಿಂದ ಬಾಟಲಿ ತೆಗೆದು ಬಗ್ಗಿಸಿದೆ. ಸ್ಟೀಲಿನ ಸಣ್ಣ ಗ್ಲಾಸು. ತಳ ಮುಚ್ಚುವಷ್ಟು ಹಾಕಿದೆ. ಭೀಮಶಾ ನೋಡಿದ. ಕಾಯಿ ಒಡೆದು, ಎಡೆ ಮುಗಿದ ಮೇಲೆ ಕಾಕಾ ಗ್ಲಾಸು ಅವನ ಮುಂದೆ ಹಿಡಿದ.

“ಕಾಕಾ, ನಾ ಬಿಟ್ಟೀನಿ.”

“ಭೇಷ್ ಆತು. ಯಾರು ಕುಡಿ ಅಂದ್ರು? ಇದು ಸೆರಿ ಅಲ್ಲೋ, ಪ್ರಸಾದ. ನಿಮ್ಮಪ್ಪನ ನೌಕರಿ ಬೇಕಾತು, ಎಂಜಲಾ ಬ್ಯಾಡಾತೇನು?”

“ಹಂಗಲ್ಲ ಕಾಕಾ. ನನ್ನಂಥಾವರಿಗಿ ಒಂದ ಹನಿನೂ—”

“ನಿನ್ನಂಥಾವರು ಅಂದ್ರ ಯಾವ ಜಾತೀನೋ ಅದು? ಮಂದಿ ಉಣ್ಣಾಕ ಕಾಯಾಕತ್ತೈತಿ. ತಗೋ.”

ಭೀಮಶಾ ಕಾಕಾನ ಕಡೆ ನೋಡಲಿಲ್ಲ. ನನ್ನನ್ನು ನೋಡಿದ. “ಅಕ್ಕಾ, ನೀ ಹೇಳು,” ಅಂದ.

ಅವನು ಕೇಳಿದ್ದು ಬೇಡ ಅನ್ನುವ ಒಂದು ಮಾತು. ನಾನು ಅಂದಿದ್ದರೆ ಮುಗಿಯುತ್ತಿತ್ತು. ಕಾಕಾ ಎರಡು ದಿನ ಮುಖ ಊದಿಸಿಕೊಂಡು ಊರಿಗೆ ಹೋಗುತ್ತಿದ್ದ, ಅಷ್ಟೇ. ನಾನು ಕಾಕಾನ ಕೈಯಿಂದ ಗ್ಲಾಸು ತೆಗೆದುಕೊಂಡು ತಮ್ಮನ ಅಂಗೈಯಲ್ಲಿಟ್ಟೆ. ಹಂಚು ಸುಟ್ಟ ಕಲೆ ಇನ್ನೂ ಕೆಂಪಗಿತ್ತು. “ತುಟಿಗಷ್ಟ ಹಚ್ಚಿಕೋ ತಮ್ಮಾ. ಅಪ್ಪ ನೋಡಾಕತ್ತಾನ,” ಅಂದೆ. ಅವನು ತುಟಿಗೆ ಹಚ್ಚಲಿಲ್ಲ, ಒಂದೇ ಗುಟುಕಿಗೆ ಕುಡಿದು ಗ್ಲಾಸು ಕೆಳಗಿಟ್ಟ. “ಉಣ್ರಿ ಎಲ್ಲಾರು,” ಅಂದ. ಉಂಡೆವು. ಸುನಂದಾ ಮೇಲೆ ಬರುವುದರೊಳಗೆ ನಾನು ಆ ಗ್ಲಾಸನ್ನು ಹುಣಸೆಹಣ್ಣು ಹಚ್ಚಿ ತೊಳೆದಿದ್ದೆ.

ಅವತ್ತು ಏನೂ ಆಗಲಿಲ್ಲ. ಮರುದಿನವೂ ಆಗಲಿಲ್ಲ. ನೋಡು, ಪ್ರಸಾದ ಪ್ರಸಾದವೇ ಅಂತ ಸಮಾಧಾನ ಮಾಡಿಕೊಂಡೆ. ಮುಂದಿನ ಆದಿತ್ಯವಾರ ಅವನು ಓವರ್‌ಟೈಮ್ ಅಂದು ತಾರ್ನಾಕಕ್ಕೆ ಹೋಗಲಿಲ್ಲ. ದಸರೆಯ ಹಿಂದಿನ ದಿನ ಸಿಕಂದರಾಬಾದ್ ಸ್ಟೇಷನ್ನಿನ ಬಸ್ ನಿಲ್ದಾಣದಲ್ಲಿ ಬಿದ್ದಿದ್ದವನನ್ನು ಜಹಾಂಗೀರ್ ಭಾಯಿಯೇ ಆಟೋದಲ್ಲಿ ಹಾಕಿಕೊಂಡು ಬಂದರು.

ಸುನಂದಾ ಜಗಳ ಮಾಡಲಿಲ್ಲ. ಅವನಿಗೆ ಎಚ್ಚರವಾಗುವವರೆಗೆ ಕಾದು ಕೇಳಿದಳು, “ಯಾರು ಕೊಟ್ರು? ಎಲ್ಲಿಂದ ಸುರು ಆತು, ಅಷ್ಟ ಹೇಳ್ರಿ.”

ಅವನು ಗೋಡೆ ಕಡೆ ಹೊರಳಿದ. “ಯಾರೂ ಕೊಟ್ಟಿಲ್ಲ. ನನ್ನ ಕೈಲೇ ತಗೊಂಡು ಕುಡದೆ.”

ನಾನು ಬಾಗಿಲಲ್ಲಿ ನಿಂತಿದ್ದೆ. ಸುನಂದಾ ಮಗಳ ಬಟ್ಟೆ ಮಡಚಿ ಬ್ಯಾಗಿಗೆ ಹಾಕುವಾಗ ನಾನೂ ಕೂತು ಎರಡು ಫ್ರಾಕು ಮಡಚಿಕೊಟ್ಟೆ. “ಅಕ್ಕಾರ, ನಿಮ್ಮ ತಮ್ಮನ್ನ ನೋಡಕೋರಿ,” ಅಂದು ಹೋದಳು. ಭಾಯಿ ರಸ್ತೆಯಲ್ಲಿ ನಿಲ್ಲಿಸಿ ಏನಾಯಿತು ಅಂತ ಕೇಳಿದಾಗಲೂ, “ಏನೋ ಗೊತ್ತಿಲ್ರಿ, ಗಾಳಿ ಬಡದಂಗಾತು,” ಅಂದೆ.

ಆ ಚಳಿಗಾಲದಲ್ಲಿ ಅವನು ರಕ್ತ ಕಾರಿಕೊಂಡ. ಆಸ್ಪತ್ರೆಯಲ್ಲಿ ಡಾಕ್ಟರು, ಲಿವರ್ ಅಪ್ಪನ ದಾರಿ ಹಿಡಿದಿದೆ, ಇನ್ನು ಕುಡಿದರೆ ನಮ್ಮ ಹತ್ತಿರ ತರಬೇಡಿ ಅಂದರು. ಮಲಗಿದಲ್ಲಿಂದಲೇ ಅವನು ಭಾಯಿಯನ್ನು ಕೇಳಿದ, “ಬೆಂಚಿನ ಮ್ಯಾಲ ನನ್ನ ಜಾಗಾ ಐತೇನು?”

“ಐತಿ. ಅಷ್ಟ ಸಣ್ಣ ಬೆಂಚಿಗಿ ಯಾರ ಜಗಳಾ ಮಾಡ್ತಾರೋ?”

ಕಾರ್ಖಾನೆಯವರು ಇದೇ ಕೊನೆಯ ಸಲ ಅಂತ ಅವನನ್ನು ಮತ್ತೆ ಕಸ ಬಳಿಯುವ ಕೆಲಸಕ್ಕೆ ಬಿಟ್ಟುಕೊಂಡರು. ಸಂಕ್ರಾಂತಿ ಕಳೆದ ಮೇಲಿನ ಆದಿತ್ಯವಾರ ಅವನು ತಾರ್ನಾಕಕ್ಕೆ ಹೋದ. ನಾನು ವರಾಂಡದಲ್ಲಿ ಕೂತಿದ್ದೆ. ಕಿಟಕಿ ತೆರೆದಿತ್ತು. ಅವನು ಎದ್ದು ನಿಂತು ಹೇಳುವುದು ಕೇಳಿಸಿತು. ಎಲ್ಲ ಹೇಳಿದ. ಕ್ರೇನಿನ ಮೇಲೆ ಕಣ್ಣು ಮಂಜಾದದ್ದು, ಮಗಳ ಶಾಲೆಯ ಮುಂದೆ ಬಿದ್ದದ್ದು. ಮತ್ತೆ ಹೇಗೆ ಶುರುವಾಯಿತು ಅನ್ನುವಲ್ಲಿಗೆ ಬಂದಾಗ ಸ್ವಲ್ಪ ನಿಂತು, “ನನ್ನ ಕೈಲೇ ತಗೊಂಡೆ,” ಅಂದ. ಬದುಕಬೇಕಾದರೆ ಇದ್ದದ್ದು ಇದ್ದಂತೆ ಹೇಳಬೇಕಾದ ಜಾಗ ಅದೊಂದೇ. ಅಲ್ಲಿಯೂ ಅವನು ನನ್ನ ಸಲುವಾಗಿ ಸುಳ್ಳು ಹೇಳಿದ. ನಾನು ಅವನಿಗಾಗಿ ಇಷ್ಟು ವರ್ಷ ಫೋನಿನಲ್ಲಿ ಹೇಳಿದ್ದು ಅಂಥದ್ದೇ ಸುಳ್ಳು.

ಮುಗಿದ ಮೇಲೆ ಭಾಯಿ ನನ್ನ ಹತ್ತಿರ ಬಂದು ಕೂತರು. “ಅಕ್ಕಾ, ಅವನ ಕಥಿಯೊಳಗ ಒಂದ ಕಡಿ ತೂತೈತಿ. ಏನಂತ ನಾ ಕೇಳಂಗಿಲ್ಲ. ಆದ್ರ ಆ ತೂತು ಹಂಗಾ ಇಟ್ಟಕೊಂಡು ಇಲ್ಲಿ ಭಾಳ ದಿನ ಉಳದಾವರ್ನ ನಾ ನೋಡಿಲ್ರಿ.”

ಮರುದಿನ ಬೆಳಗಿನ ಬಸ್ಸಿಗೆ ಸೇಡಂಗೆ ಹೋದೆ. ಸುನಂದಾ ಅಂಗಳದಲ್ಲಿ ಹೊಸ ತೊಗರಿ ಕೇರುತ್ತಿದ್ದಳು. ಕೂಡ್ರಿ ಅನ್ನಲಿಲ್ಲ. ನಿಂತೇ ಹೇಳಿದೆ. ಚೀಲ, ಬಾಟಲಿ, ಕಾಕಾನ ಮಾತು, ಅವನು ನನ್ನನ್ನು ಕೇಳಿದ್ದು, ನಾನು ಅಂದದ್ದು. ಮೊರ ಆಡುವುದು ನಿಂತಿತು.

“ಎಷ್ಟ ಹಾಕಿದ್ರಿ?” ಅಂದಳು.

“ತಳ ಮುಚ್ಚುವಷ್ಟು.”

ಅವಳು ಮೊರದಲ್ಲಿನ ಕಲ್ಲು ಆರಿಸಿ ಆಚೆ ಎಸೆದಳು. “ಇಲ್ಲಿ ಕುಂತು ನಾ ಏನ ಅಂದಕೊಂಡಿದ್ದೆ ಗೊತ್ತೇನ್ರಿ? ನಾನು, ನನ್ನ ಮಗಳು, ಇಬ್ಬರೂ ಕೂಡಿ ಅವರಿಗಿ ಒಂದ ಬಾಟಲಿಯಷ್ಟೂ ಬ್ಯಾಡಾದ್ವಿ ಅಂದಕೊಂಡಿದ್ದೆ.” ಅವಳ ದನಿ ಏರಲಿಲ್ಲ. “ಅಕ್ಕ ತಮ್ಮ ಕೂಡಿ ಬಾಗಲಾ ಹಾಕ್ಕೊಂಡ್ರಿ. ನಾ ಹೊರಗ ನಿಂತೆ.”

ಆಮೇಲೆ ಅವಳೇ, “ತಪ್ಪ ನಂದು ಅಂತ ನಿಮ್ಮ ತಮ್ಮನ ಮುಂದ ಹೇಳೀರೇನು?” ಅಂತ ಕೇಳಿದಳು. ಇಲ್ಲ ಅಂದೆ. “ಹಂಗಾರ ನಾ ಇದ್ದಾಗ ಹೇಳ್ರಿ,” ಅಂದು ಮೊರ ಗೋಡೆಗೆ ಒರಗಿಸಿ ಒಳಗೆ ಹೋಗಿ ಸೀರೆ ಬದಲಿಸಿಕೊಂಡು ಬಂದಳು. ಬಸ್ಸಿನಲ್ಲಿ ಮಗಳನ್ನು ಕರೆದುಕೊಂಡು ನನಗಿಂತ ಮುಂದಿನ ಸೀಟಿನಲ್ಲಿ ಕೂತಳು. ತಾಂಡೂರು ದಾಟಿದರೂ ಹಿಂದೆ ತಿರುಗಿ ನೋಡಲಿಲ್ಲ.

ಭೀಮಶಾ ಡ್ಯೂಟಿಯಿಂದ ಆಗಷ್ಟೇ ಬಂದು ಬೂಟು ಬಿಚ್ಚುತ್ತಿದ್ದ. ಹೆಂಡತಿ ಮಗಳನ್ನು ನೋಡಿ ಒಂದು ಬೂಟಿನಲ್ಲೇ ಎದ್ದು ನಿಂತ. ಮಗಳು ಅವನ ಕಾಲಿಗೆ ಅಂಟಿಕೊಂಡಳು. ನಾನು ಬಾಗಿಲಲ್ಲಿ ನಿಂತು, “ತಮ್ಮಾ, ಅಮಾಸಿ ದಿನ…” ಅಂದೆ. ಅವನಿಗೆ ತಿಳಿಯಿತು. ಗಾಬರಿಯಿಂದ ಸುನಂದಾಳ ಮುಖ ನೋಡಿ ಕೈ ಅಡ್ಡ ಮಾಡಿದ.

“ಬಿಡ ಅಕ್ಕಾ. ಆಗಿದ್ದು ಆತು. ಅದನ್ಯಾಕ ಈಗ ತಗಿತಿ?”

“ಬಿಡಬ್ಯಾಡ್ರಿ,” ಅಂದಳು ಸುನಂದಾ. ಚಾಪೆ ಹಾಸಿ ಕೂತು, ಗಂಡನಿಗೂ ಕೂರಲು ಕೈ ಮಾಡಿದಳು. “ಮೊದಲಿಂದ ಹೇಳ್ರಿ.”

ನಾನೂ ಒಳಗೆ ಬಂದು ಅವರ ಎದುರಿಗೆ ಕೂತು ಮೊದಲಿನಿಂದ ಹೇಳಿದೆ.